ಬಂಡೆಯೊಳಗಿನ ಪೊಳ್ಳನ್ನು ಮ್ಯೂಯಾನ್ ತೋರಿಸುವ ಬಗೆ

ಅಮೆರಿಕದ ಫೋರ್ಟ್ ಲೀ ಊರು ನಿಂತಿರುವುದು ಪ್ಯಾಲಿಸೇಡ್ಸ್ ಎಂಬ ಕಡಿದಾದ ಬಂಡೆಗೋಡೆಯ ನೆತ್ತಿಯ ಮೇಲೆ. ಕೆಳಗೆ ಹರಿಯುವ ಹಡ್ಸನ್ ನದಿಯಿಂದ ಇಲ್ಲಿಗೆ ಸುಮಾರು 90 ಮೀಟರ್ ಎತ್ತರ. 20 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ನುಗ್ಗಿದ ಶಿಲಾರಸ ನೆಲದ ಮೇಲಕ್ಕೆ ಉಕ್ಕದೆ, ಶಿಲಾಪದರಗಳ ನಡುವೆಯೇ ತಣಿದು ಆದ ಕಲ್ಲು ಇದು. ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಕೋಲಾರದ ಚಿನ್ನದ ಗಣಿಯ ಕರಿಕಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಅದೂ ಶಿಲಾರಸದಿಂದಲೇ ಬಂದದ್ದು, ಆದರೆ ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಈ ಅಧ್ಯಾಯಕ್ಕೆ ವಯಸ್ಸಿಗಿಂತ ತೂಕ ಮುಖ್ಯ. ಆಕಾಶದಿಂದ ಬರುವ ಮ್ಯೂಯಾನ್ ಕಣ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದು ಬಹುಮಟ್ಟಿಗೆ ದಾರಿಯಲ್ಲಿ ಅದಕ್ಕೆ ಎದುರಾಗುವ ದ್ರವ್ಯದ ಮೊತ್ತವನ್ನು ಅವಲಂಬಿಸಿದೆ.

ವಿಶ್ವಕಿರಣಗಳು, ಅಂದರೆ ಅಂತರಿಕ್ಷದಿಂದ ಬರುವ ಪ್ರೋಟಾನ್ ಮೊದಲಾದ ಕಣಗಳು, ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಮ್ಯೂಯಾನ್‌ಗಳು ಹುಟ್ಟುತ್ತವೆ. ಎಲೆಕ್ಟ್ರಾನಿನ 207 ಪಟ್ಟು ತೂಕ, ಸರಾಸರಿ 2.2 ಮೈಕ್ರೋಸೆಕೆಂಡು ಆಯುಸ್ಸು. ಅಷ್ಟು ಕಿರಿದಾದ ಆಯುಸ್ಸಿನಲ್ಲಿ ನೆಲ ತಲುಪುವುದೇ ಅಸಾಧ್ಯ ಎನಿಸಬಹುದು. ಆದರೆ ಬೆಳಕಿನ ವೇಗದ ಆಸುಪಾಸಿನಲ್ಲಿ ಓಡುವ ಕಣಕ್ಕೆ ಕಾಲ ನಿಧಾನವಾಗುತ್ತದೆ ಎಂಬ ಐನ್‌ಸ್ಟೈನರ ಸಿದ್ಧಾಂತದಂತೆ ಅವು ಬದುಕಿ ಕೆಳಗಿಳಿಯುತ್ತವೆ. ಸಮುದ್ರಮಟ್ಟದಲ್ಲಿ ಅಂಗೈ ಚಾಚಿದರೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದು ಮ್ಯೂಯಾನ್ ತೂರಿಹೋಗುತ್ತದೆ, ಹಗಲೂ ರಾತ್ರಿಯೂ.

ಎಕ್ಸ್‌ರೇಯನ್ನು ಕೆಲವೇ ಮಿಲಿಮೀಟರ್ ದಪ್ಪದ ಸೀಸ ತಡೆಯುತ್ತದೆ. ಮ್ಯೂಯಾನ್ ಹಾಗಲ್ಲ, ಬಂಡೆಯೊಳಗೂ ಇಳಿಯುತ್ತದೆ. ಆದರೂ ಪ್ಯಾಲಿಸೇಡ್ಸ್‌ನ ನೆತ್ತಿಯಿಂದ ಬುಡಕ್ಕೆ ಇಳಿಯುವಷ್ಟರಲ್ಲಿ ನೂರರಲ್ಲಿ ಒಂದು ಉಳಿದರೆ ಹೆಚ್ಚು. ಈ ಕೊರತೆಯೇ ನಮಗೆ ಬೇಕಾದ ಸುದ್ದಿ. ಬುಡದಲ್ಲಿ ಒಂದು ಶೋಧಕ ಇಟ್ಟು, ಯಾವ ದಿಕ್ಕಿನಿಂದ ಎಷ್ಟು ಮ್ಯೂಯಾನ್ ಬಂದವು ಎಂದು ಎಣಿಸಿದೆವೆನ್ನಿ. ಒಂದು ದಿಕ್ಕಿನಲ್ಲಿ 5 ಮೀಟರಿನ ಪೊಳ್ಳು ಇದ್ದರೆ ಆ ದಾರಿಯಲ್ಲಿ ಕಲ್ಲು ಅಷ್ಟು ಕಡಿಮೆ, ಹಾಗಾಗಿ ಅಲ್ಲಿಂದ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಮ್ಯೂಯಾನ್ ಬರುತ್ತವೆ. ನೂರು ಕಣ ಎಣಿಸಿದಾಗ ಹತ್ತರಷ್ಟು ಏರುಪೇರು ಆಕಸ್ಮಿಕವಾಗಿಯೇ ಬರುವುದರಿಂದ, ಆ ವ್ಯತ್ಯಾಸವನ್ನು ನಂಬಲು ಸಾವಿರಾರು ಕಣ ಬೇಕು. ಒಂದು ಚದರ ಮೀಟರಿನ ಶೋಧಕಕ್ಕೂ ಇದು ವಾರಗಟ್ಟಲೆಯ ಕೆಲಸ. ಮ್ಯೂಯಾನ್ ಚಿತ್ರಣಕ್ಕೆ ಬೇಕಾದ ಮೊದಲ ಗುಣವೇ ತಾಳ್ಮೆ.

ಆದರೆ ಇಷ್ಟು ಕಲ್ಲಿಗೆ ಇಷ್ಟೇ ಮ್ಯೂಯಾನ್ ಬರಬೇಕು ಎಂಬುದು ಮೊದಲೇ ಗೊತ್ತಿರಬೇಕಲ್ಲ? ಗೊತ್ತಿಲ್ಲದಿದ್ದರೆ ಹೆಚ್ಚು ಯಾವುದು, ಕಡಿಮೆ ಯಾವುದು? ಆ ಅಳತೆ ಒದಗಿಸಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, ಮುಂಚೂಣಿಯದು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ಹೋಮಿ ಭಾಭಾ ಅವರ ಪ್ರೇರಣೆಯಿಂದ 1950ರ ದಶಕದ ಆರಂಭದಲ್ಲಿ ಕಣ ಎಣಿಸುವ ಗೈಗರ್ ಕೊಳವೆಗಳೊಂದಿಗೆ ಈ ಗಣಿಗೆ ಇಳಿದರು. ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನ್ ಎಣಿಸಿದರು. ಗಣಿಯ ಗಾಳಿ ಬಿಸಿ, ತೇವ. ಜೊತೆಗೆ ಬಂಡೆ ಸಿಡಿಯುವ ಭಯ. ಸೂಕ್ಷ್ಮ ಉಪಕರಣಗಳನ್ನು ಅಂಥ ಕಡೆ ತಿಂಗಳುಗಟ್ಟಲೆ ನಡೆಸಿದ ಆ ತಂಡಗಳ ಶ್ರಮವನ್ನು, ಅವರನ್ನು ಇಳಿಸಿ ಹತ್ತಿಸಿದ ಗಣಿಕಾರ್ಮಿಕರ ನೆರವನ್ನು ನಾವು ಕನ್ನಡದಲ್ಲಿ ಸಾಕಷ್ಟು ಬರೆದಿಟ್ಟಿಲ್ಲ.

1960ರ ದಶಕದ ಆರಂಭದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಸೇರಿ ಅಲ್ಲಿ 2,760 ಮೀಟರ್ ಆಳದವರೆಗೆ ಅಳೆದರು. ಅತ್ಯಂತ ಕೆಳಗಿನ ನೆಲೆಯಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ಕಾಣಲಿಲ್ಲ. ಬರಿಗೈ ಎನ್ನಿಸುವ ಈ ಫಲಿತಾಂಶವೇ ದೊಡ್ಡ ಬಾಗಿಲು ತೆರೆಯಿತು. ಮೇಲಿನ ಮ್ಯೂಯಾನ್‌ಗಳ ಗದ್ದಲವಿಲ್ಲದ ಜಾಗ ಸಿಕ್ಕಿತೆಂದು, ಎಂಥ ಬಂಡೆಯನ್ನೂ ಸಲೀಸಾಗಿ ದಾಟುವ ನ್ಯೂಟ್ರಿನೊ ಕಣಗಳ ಹುಡುಕಾಟ ಶುರುವಾಯಿತು. ಟಾಟಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕಂಡಿತು.

ಇದೇ ವಿದ್ಯೆಯ ಇನ್ನೊಂದು ಕವಲು ಪೊಳ್ಳು ಹುಡುಕುವತ್ತ ಹೊರಟಿತ್ತು. 1955ರಲ್ಲಿ ಭೌತವಿಜ್ಞಾನಿ ಇ.ಪಿ. ಜಾರ್ಜ್ ಆಸ್ಟ್ರೇಲಿಯದ ಸುರಂಗವೊಂದರ ಮೇಲಿನ ಕಲ್ಲಿನ ಭಾರವನ್ನು ಮ್ಯೂಯಾನ್‌ಗಳಿಂದ ತೂಗಿದರು. ಇನ್ನೊಬ್ಬ ಭೌತವಿಜ್ಞಾನಿ ಲೂಯಿ ಅಲ್ವಾರೆಜ್ ಈಜಿಪ್ಟಿನ ಖಫ್ರೆ ಪಿರಮಿಡ್ಡಿನಲ್ಲಿ ಗುಪ್ತ ಕೋಣೆ ಹುಡುಕಿ, ನೋಡಿದ ಭಾಗದಲ್ಲಿ ಏನೂ ಇಲ್ಲವೆಂದು 1970ರಲ್ಲಿ ಪ್ರಕಟಿಸಿದರು. ಇಲ್ಲ ಎಂದು ಖಚಿತವಾಗಿ ಹೇಳುವುದೂ ಸಾಧನೆಯೇ. 2017ರಲ್ಲಿ ಖುಫು ಪಿರಮಿಡ್ಡಿನೊಳಗೆ ಸುಮಾರು 30 ಮೀಟರ್ ಉದ್ದದ ದೊಡ್ಡ ಪೊಳ್ಳು ಸಿಕ್ಕಿತು. ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವುದು ಇಟಲಿಯ ನೇಪಲ್ಸ್ ನಗರದ ಕೆಲಸ. ಜನ ಕಿಕ್ಕಿರಿದ ಬಡಾವಣೆಯ ಕೆಳಗೆ, 18 ಮೀಟರ್ ಆಳದ ನೆಲಮಾಳಿಗೆಯಲ್ಲಿ ಫೋಟೋ ಫಿಲ್ಮಿನಂಥ ಎಮಲ್ಷನ್ ಫಲಕಗಳನ್ನು ಸುಮಾರು ನಾಲ್ಕು ವಾರ ಇಟ್ಟು, ಪ್ರಾಚೀನ ಗ್ರೀಕರ ಕಾಲದ್ದೆನ್ನಲಾದ ಒಂದು ಭೂಗತ ಕೋಣೆಯನ್ನು ವಿಜ್ಞಾನಿಗಳು ಪತ್ತೆಮಾಡಿ 2023ರಲ್ಲಿ ಪ್ರಕಟಿಸಿದರು. ಒಂದು ಗೋಡೆ ಒಡೆಯಲಿಲ್ಲ, ಒಂದು ರಸ್ತೆ ಅಗೆಯಲಿಲ್ಲ.

ಮಿತಿಯೂ ಇದೆ. ಮ್ಯೂಯಾನ್ ಬರುವುದು ಮೇಲಿನಿಂದ, ಆದ್ದರಿಂದ ಶೋಧಕ ಪೊಳ್ಳಿಗಿಂತ ಕೆಳಗೋ ಪಕ್ಕದ ತಗ್ಗಿನಲ್ಲೋ ಇರಬೇಕು. ಬಯಲಿನಲ್ಲಿ ನಿಂತು ಕಾಲ ಕೆಳಗಿನದನ್ನು ನೋಡಲಾಗದು. ಕೊಳವೆಬಾವಿ ಕೊರೆದು ಶೋಧಕ ಇಳಿಸಬೇಕಾಗುತ್ತದೆ. ಕಿಲೋಮೀಟರುಗಟ್ಟಲೆ ಆಳದಲ್ಲಿ ಕಣಗಳೇ ಸಾಲವು.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಆಳದ ಸುರಂಗಗಳಲ್ಲಿ ನೀರು ನಿಂತಿದೆ. ಆದರೆ ಮೇಲ್ಪದರದ ಹಳೆಯ ಅಗೆತಗಳ ಮೇಲೆ ಊರು ಇನ್ನೂ ಬದುಕುತ್ತಿದೆ. ಅಲ್ಲಿನ ಪೊಳ್ಳುಗಳ ನಕ್ಷೆಗೆ ಈ ವಿಧಾನವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಫೋರ್ಟ್ ಲೀಯ ಕನ್ನಡದ ಮನೆಗಳಿಗೂ ಒಂದು ಕೋರಿಕೆ: ಎಂಐಟಿಯಲ್ಲಿ ರೂಪುಗೊಂಡ ಕಾಸ್ಮಿಕ್ ವಾಚ್ ಎಂಬ ಪುಟ್ಟ ಶೋಧಕದ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದೆ, ವಿನ್ಯಾಸ ಹೊರಬಂದಾಗ ಬಿಡಿಭಾಗಗಳಿಗೆ ಸುಮಾರು 100 ಡಾಲರ್ ಆಗುತ್ತಿತ್ತು. ಮಕ್ಕಳೊಂದಿಗೆ ಅದನ್ನು ಕಟ್ಟಿ, ಒಂದು ದಿನ ಬಹುಮಹಡಿ ಕಟ್ಟಡದ ಮೇಲ್ಛಾವಣಿಯಲ್ಲಿ, ಒಂದು ದಿನ ತಳದ ಪಾರ್ಕಿಂಗಿನಲ್ಲಿ ಇಟ್ಟು ಎಣಿಸಿ ನೋಡಿ.