ವ್ಯಾನಿಗೆ ಯಾವ ಟೈರು?

ಪ್ರಶ್ನೆ: ಓಮ್ನಿಯ ಟೈರು ಸವೆದಿವೆ. ವಿದೇಶಿ ವಿಡಿಯೋಗಳಲ್ಲಿ ಹೇಳುವ ‘ಆಲ್ ಸೀಸನ್’ ಟೈರು ನಮಗೂ ಬೇಕೇ? – ಓದುಗರು, ರಾಮಥಾಳ

ಉತ್ತರ: ಬೇಕಿಲ್ಲ. ಹಿಮ ಬೀಳುವ ನಾಡಿನಲ್ಲಿ ಚಳಿಗೆ ರಬ್ಬರ್ ಗಡುಸಾಗುತ್ತದೆ, ಆ ಹೆಸರು ಹುಟ್ಟಿದ್ದು ಅಲ್ಲಿಗಾಗಿ. ನಿಮ್ಮ ಹುನಗುಂದದ ಕಡೆ ಕಾಡುವುದು ಏಪ್ರಿಲ್ ಬಿಸಿಲು, ಮಳೆಗಾಲದ ಎರೆಮಣ್ಣು. ಇಲ್ಲಿ ಮಾರುವ ಸಾಮಾನ್ಯ ಟೈರುಗಳೇ ಇವೆರಡಕ್ಕೂ ಸಾಕು.

ನೀವು ಯೋಚಿಸಬೇಕಾದದ್ದು ಭಾರದ ಬಗ್ಗೆ. ಡ್ರಿಪ್ ಪೈಪು, ಈರುಳ್ಳಿ ಚೀಲ ಹೇರುವ ಗಾಡಿಗೆ ಕಾರಿನ ಟೈರು ಹಾಕಿಸಲೇಬೇಡಿ. ಓಮ್ನಿಯ ಅಳತೆ 145 ಆರ್ 12. ಜೊತೆಗೆ ಭಾರ ಹೊರುವ ಟೈರೆಂದು ಸೂಚಿಸುವ ‘ಎಲ್‌ಟಿ’ ಗುರುತೂ ಇರಲಿ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ: 2225 ಎಂದರೆ 2025ರ 22ನೇ ವಾರದ ತಯಾರಿ. ಎರಡೇ ಕೊಳ್ಳುವುದಾದರೆ ಹೊಸವು ಹಿಂದಕ್ಕಿರಲಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ಕೈಗೆ ಸಿಗುವುದಿಲ್ಲ.