ದಾರಿ ಬಿಡಿಸುವ ದೀಪ

ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು. ನಮ್ಮ ಕಡೆಯ ಬಸುರಿಗೆ ತ್ರಾಸಾದರೆ ಎಷ್ಟೋ ಸಲ ಹುಬ್ಬಳ್ಳಿಯ ದೊಡ್ಡ ದವಾಖಾನೆಗೇ ಒಯ್ಯಬೇಕು. ಊರೊಳಗೆ ಗಾಡಿಗಳು ಸಿಕ್ಕಿಕೊಂಡರೆ ಹ್ಯಾಂಗ?

ಕೆಂಪು ದೀಪ ಅಂದರೆ ನಿಲ್ಲು, ಹಸಿರು ಅಂದರೆ ಹೋಗು. ಇದು ನಮಗೆ ಗೊತ್ತು. ಆದರೆ ಮುಂದೆ ಲಾರಿ ಕೆಟ್ಟು ನಿಂತಿದೆ ಅನ್ನಿ. ಹಿಂದೆ ಹಸಿರು ದೀಪ ಹತ್ತುತ್ತಲೇ ಇದೆ. ಗಾಡಿಗಳು ಬಂದು ಬಂದು ತುಂಬುತ್ತವೆ. ವೃತ್ತದ ನಡುವೆಯೂ ನಿಲ್ಲುತ್ತವೆ. ಆಗ ಅಡ್ಡದಾರಿಯೂ ಕಟ್ಟಿಕೊಳ್ಳುತ್ತದೆ.

ಹೊಲದ ಕಾಲುವೆ ನೆನಪು ಮಾಡಿಕೊಳ್ಳಿ. ಮುಂದೆ ಕಸ ಸಿಕ್ಕಿದರೆ ನಾವು ಏನು ಮಾಡುತ್ತೇವೆ? ಮೊದಲು ಹಿಂದೆಯೇ ಮಣ್ಣು ಹಾಕಿ ನೀರು ತಡೆಯುತ್ತೇವೆ. ಬೇರೆ ಸಾಲಿಗೆ ತಿರುಗಿಸುತ್ತೇವೆ. ಆಮೇಲೆ ಕಸ ತೆಗೆಯುತ್ತೇವೆ. ದೀಪದ ಕೆಲಸವೂ ಹಾಗೇ. ಲಾರಿ ನಿಂತ ದಾರಿಗೆ ಹಿಂದಿನ ವೃತ್ತದಲ್ಲಿ ಕೆಂಪು ಹೆಚ್ಚು ಹೊತ್ತು ಇರಬೇಕು. ಬೇರೆ ದಾರಿಗೆ ಹಸಿರು ಹೆಚ್ಚು ಹೊತ್ತು.

ಹಳೆಯ ದೀಪ ಗಡಿಯಾರ ಇದ್ದಂತೆ. ದಾರಿ ತುಂಬಿದ್ದರೂ ಅಷ್ಟೇ ಹೊತ್ತು, ಖಾಲಿ ಇದ್ದರೂ ಅಷ್ಟೇ ಹೊತ್ತು. ಬೆಂಗಳೂರಿನ ಹಲವು ವೃತ್ತಗಳಲ್ಲಿ 2024ರಲ್ಲಿ ಹೊಸ ಬಗೆಯ ದೀಪ ಬಂದವು. ಕಂಬದ ಮೇಲಿನ ಕ್ಯಾಮೆರಾ ಗಾಡಿಗಳನ್ನು ಎಣಿಸುತ್ತದೆ. ಅದನ್ನು ನೋಡಿ ಕಂಪ್ಯೂಟರು ದೀಪದ ಹೊತ್ತು ಬದಲಿಸುತ್ತದೆ. ಬೇಕಾದಾಗ ಪೊಲೀಸರು ಕೈಯಿಂದಲೂ ಬದಲಿಸಬಹುದು.

ಎಷ್ಟು ಶಾಣ್ಯಾ ದೀಪವಾದರೂ ಕೆಟ್ಟ ಲಾರಿಯನ್ನು ಎಳೆಯಲಾರದು! ಅದಕ್ಕೆ ಕ್ರೇನು ಬೇಕು, ಪೊಲೀಸರು ಬೇಕು. ಅವರಿಗೆ ಸುದ್ದಿ ಮುಟ್ಟಬೇಕು. ಅಪಘಾತ ಕಂಡರೆ 112ಕ್ಕೆ ಫೋನು ಮಾಡೋಣ. ಯಾರಿಗಾದರೂ ಗಾಯವಾಗಿದ್ದರೆ 108ಕ್ಕೆ. ಜಾಗ ಯಾವುದು ಎಂದು ಕೇಳುತ್ತಾರೆ. ಹತ್ತಿರದ ಅಂಗಡಿಯ ಬೋರ್ಡು ಓದಿ ಹೇಳೋಣ.