ವೆಂಗೆ ಮರಕ್ಕೆ ಗಾಢ ದನಿಯಂತೆ!

ಎಲೆಕ್ಟ್ರಿಕ್ ಗಿಟಾರ್ ಹೇಳಿ ಮಾಡಿಸುವವರು ಮೊದಲು ಕೇಳುವುದು ಮರದ ಜಾತಿ. ವೆಂಗೆ ಎಂಬ ಕಪ್ಪು ಮರದ ನೆಕ್ ಹಾಕಿಸಿದರೆ ದನಿ ಗಾಢವಂತೆ, ಮೇಪಲ್ ಆದರೆ ಚುರುಕಂತೆ, ಕೋವಾ ಬಾಡಿ ಇದ್ದರೆ ಇಂಪಂತೆ. ಕಪ್ಪು ಮರಕ್ಕೆ ಗಾಢ ದನಿ, ಬಿಳಿ ಮರಕ್ಕೆ ಚುರುಕು ದನಿ ಎಂಬ ಈ ಲೆಕ್ಕ ಹಾಕಿದ್ದು ಕಣ್ಣು, ಕಿವಿಯಲ್ಲ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಅಲುಗಾಟ ಹಿಡಿಯುವುದು ಪಿಕಪ್. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಅದರ ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್‌ಗೆ ಹೋಗುವುದು ಅದೇ. ಆಂಪ್ಲಿಫೈಯರ್‌ಗೆ ಜೋಡಿಸದೆ ನುಡಿಸಿದಾಗ ಎರಡು ಗಿಟಾರ್‌ಗಳ ಸದ್ದು ಬೇರೆಬೇರೆ ಕೇಳುತ್ತದಲ್ಲ ಎನ್ನುತ್ತಾರೆ. ಕೇಳುತ್ತದೆ, ನಿಜ. ಆದರೆ ಅದು ಗಾಳಿಯಲ್ಲಿ ಬರುವ ಸದ್ದು. ಪಿಕಪ್ ಮೈಕ್ ಅಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಮರ ತಂತಿಯ ಕಂಪನವನ್ನೇ ಬದಲಿಸುವುದಿಲ್ಲವೇ? ಸ್ವಲ್ಪ ಬದಲಿಸುತ್ತದೆ. ಕೆಲವು ಫ್ರೆಟ್‌ಗಳಲ್ಲಿ ಸ್ವರ ಬೇಗ ಸತ್ತುಹೋಗುವುದನ್ನು ನುಡಿಸುವವರೆಲ್ಲ ಬಲ್ಲರು. ಜರ್ಮನಿಯ ಸಂಶೋಧಕರಾದ ಫ್ಲೈಶರ್ ಮತ್ತು ಜ್ವಿಕರ್ 1990ರ ದಶಕದಲ್ಲಿ ಅಳೆದು ತೋರಿಸಿದಂತೆ, ನೆಕ್ ಸುಲಭವಾಗಿ ಅಲುಗುವ ಜಾಗದಲ್ಲಿ ಅದು ತಂತಿಯ ಶಕ್ತಿಯನ್ನು ಕುಡಿದುಬಿಡುತ್ತದೆ. ಆದರೆ ಇದು ಆ ಒಂದು ಹಲಗೆಯ ಬಿಗಿತ, ತೂಕ, ಆಕಾರಗಳ ಮಾತು, ಜಾತಿಯ ಮಾತಲ್ಲ. ಒಂದೇ ಮರದಿಂದ ಕೊಯ್ದ ಎರಡು ಹಲಗೆಗಳೂ ಒಂದೇ ಥರ ಇರುವುದಿಲ್ಲ. ಇನ್ನು ಚರಿತ್ರೆ ನೋಡಿ: ಡ್ಯಾನ್‌ಎಲೆಕ್ಟ್ರೊ ಗಿಟಾರ್‌ಗಳ ಮುಂದೂ ಹಿಂದೂ ಬರೀ ಹಾರ್ಡ್‌ಬೋರ್ಡ್; ಡ್ಯಾನ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ಬಾಡಿ ಮಾಡಿಸಿದ; ಟ್ರಾವಿಸ್ ಬೀನ್ ನೆಕ್‌ಗೆ ಅಲ್ಯೂಮಿನಿಯಂ ಹಾಕಿದ. ಕ್ವೀನ್ ತಂಡದ ಬ್ರಯಾನ್ ಮೇ ಅಪ್ಪನ ಜೊತೆ 1963ರಲ್ಲಿ ಮಾಡಲು ಹಿಡಿದ ರೆಡ್ ಸ್ಪೆಷಲ್‌ನ ನೆಕ್ ಬಂದದ್ದು ಹಳೆಯ ಬೆಂಕಿಗೂಡಿನ ಮೇಲಿನ ಮರದಿಂದ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದ್ದರು. ಬಾಡಿಗೆ ಹಳೇ ಮೇಜಿನ ಓಕ್, ಬ್ಲಾಕ್‌ಬೋರ್ಡ್, ಮೇಲೊಂದು ಮಹಾಗನಿ ಹೊದಿಕೆ. ತಂಡದ ಬಹುಪಾಲು ಹಾಡುಗಳಲ್ಲಿ ಕೇಳುವುದು ಆ ಗಿಟಾರೇ.

ಅಕೂಸ್ಟಿಕ್ ಗಿಟಾರ್‌ನ ಮಾತು ಬೇರೆ, ಅಲ್ಲಿ ಮುಂದಿನ ಹಲಗೆಯೇ ಹಾಡುತ್ತದೆ. ಅಲ್ಲೂ ಹಿಂಬದಿ ಮತ್ತು ಪಕ್ಕಗಳ ಮರದ ಮಹಿಮೆ ಉಬ್ಬಿಸಿದ್ದೇ. ಮಿಕ್ಕೆಲ್ಲ ಒಂದೇ ಆಗಿದ್ದು, ಹಿಂಬದಿ-ಪಕ್ಕಗಳ ಮರ ಮಾತ್ರ ಬೇರೆಯಾಗಿದ್ದ ಆರು ಗಿಟಾರ್‌ಗಳನ್ನು 52 ವಾದಕರ ಕೈಗೆ ಕಾಣದಂತೆ ಕೊಟ್ಟ 2018ರ ಬ್ರಿಟಿಷ್ ಅಧ್ಯಯನದಲ್ಲಿ ದುಬಾರಿ ಬ್ರೆಜಿಲ್ ಬೀಟೆಗೂ ಅಗ್ಗದ ಸಪೇಲೆಗೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಮತ್ತೆ ಎಲೆಕ್ಟ್ರಿಕ್‌ಗೆ ಬಂದರೆ, ಬಾಡಿ ಭಾರವಿದ್ದಷ್ಟೂ ಸ್ವರ ಉದ್ದ ನಿಲ್ಲುತ್ತದೆ ಎಂಬ ನಂಬಿಕೆಗೆ ಉತ್ತರ ಬೆನ್ನುನೋವೇ ಕೊಡುತ್ತದೆ. ತೆಳು ವಾರ್ನಿಶ್ ಬಳಿದರೆ ಮರ ಉಸಿರಾಡುತ್ತದಂತೆ. ಸತ್ತ ಮರ ಉಸಿರಾಡುವುದಿಲ್ಲ.

ನಂಬಿಕೆ ಪುಕ್ಕಟೆಯಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಅಪರೂಪ ಎನ್ನುವುದೇ ಗುಣ ಎಂದು ಗಿರಾಕಿ ನಂಬಿದ ಮೇಲೆ ಅಂಗಡಿಯವನು ಬೇಡವೆನ್ನುತ್ತಾನೆಯೇ? ಬೆಲೆ ತೆರುವುದು ಕಾಡು. ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿವೆ. ಗಿಟಾರ್ ಮಾಡಿಸುವಿರಾದರೆ ನೆಕ್‌ನ ಎಳೆ ನೇರವಿದೆಯೇ, ಹಲಗೆ ಚೆನ್ನಾಗಿ ಒಣಗಿದೆಯೇ, ಹೆಗಲಿಗೆ ತೂಕ ಎಷ್ಟು ಎಂದು ಕೇಳಿ. ವೆಂಗೆಯ ಪಟ್ಟೆ ಕಣ್ಣಿಗೆ ಹಿಡಿಸಿದರೆ ಧಾರಾಳವಾಗಿ ಹಾಕಿಸಿ. ದನಿ ಬದಲಾಗಬೇಕೆಂದರೆ ಮಾತ್ರ ಮೊದಲು ಪಿಕಪ್‌ನ ಎತ್ತರ ಹೆಚ್ಚುಕಡಿಮೆ ಮಾಡಿ ನೋಡಿ. ಅದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.